ಸೇವಂತಿಗೆ ಬೇಕು ತಂಬಾಕಿನ ಕೈ

ನಾನು ನಿಪ್ಪಾಣಿ ಸೀಮೆಗೆ ಸೊಸೆಯಾಗಿ ಬಂದಾಗ ನಮ್ಮ ಹೊಲದ ಅರ್ಧದಷ್ಟು ಬೀಡಿ ತಂಬಾಕು ಇತ್ತು. ಆಮೇಲೆ ತಂಬಾಕು ಸರಿಯಿತು, ಕಬ್ಬು ಬಂತು. ಈಗ ಕಬ್ಬಿನ ಬದಿಗೆ, ಬಾವಿಯ ಹತ್ತಿರದ ಕೆಲವು ಗುಂಟೆಯಲ್ಲಿ ಸೇವಂತಿ ಇದೆ. ನೋಡಲು ಬಂದವರೆಲ್ಲ ಬದುವಿನ ಮೇಲೆ ನಿಂತು ಕೇಳುವುದು ಎರಡೇ ಪ್ರಶ್ನೆ: ‘ಅಕ್ಕಾರ, ಅಂತರ ಎಷ್ಟ ಬಿಟ್ಟೀರಿ? ಗೊಬ್ಬರ ಎಷ್ಟ ಹಾಕ್ತೀರಿ?’ ಅವರಿಗೆ ಇವು ಎರಡು ಪ್ರಶ್ನೆ, ನನಗೆ ಒಂದೇ. ಒಂದು ಗಿಡದ ಪಾಲಿಗೆ ಎಷ್ಟು ನೆಲ, ಎಷ್ಟು ಬಿಸಿಲು, ಎಷ್ಟು ಗಾಳಿ, ಎಷ್ಟು ಗೊಬ್ಬರ ಬರುತ್ತದೆ ಎಂಬುದನ್ನು ಬಿಡಿಸಿದರೆ ಎರಡಕ್ಕೂ ಉತ್ತರ ಸಿಕ್ಕಿಬಿಡುತ್ತದೆ.

ಈ ಲೆಕ್ಕಕ್ಕೆ ನಮ್ಮ ಭಾಗದಲ್ಲಿ ಅಡ್ಡ ಬರುವುದು ಕಬ್ಬಿನ ರೂಢಿ. ಕಬ್ಬು ಟನ್ನಿನ ಬೆಳೆ. ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ಎಷ್ಟು ತೂಗಿತು ಅನ್ನುವುದರಲ್ಲಿ ವರ್ಷದ ದುಡಿಮೆ ತೀರ್ಮಾನವಾಗುತ್ತದೆ. ಹಾಗಾಗಿ ನೀರು ಬಿಟ್ಟಷ್ಟು ಒಳ್ಳೆಯದು, ಯೂರಿಯಾ ಚೆಲ್ಲಿದಷ್ಟು ಒಳ್ಳೆಯದು, ಹೊಲ ಒತ್ತಾಗಿ ಕಂಡಷ್ಟು ಒಳ್ಳೆಯದು ಎನ್ನುವುದು ಚಿಕ್ಕೋಡಿಯಿಂದ ಅಥಣಿವರೆಗೆ ಎಲ್ಲರ ಕೈಗೂ ಅಂಟಿಕೊಂಡಿದೆ. ತಂಬಾಕು ಹಾಗಲ್ಲ, ಅದು ಎಲೆಯ ಬೆಳೆ. ಎಲೆ ದಪ್ಪಗೆ, ಸಾರವಾಗಿ ಬರಬೇಕಾದರೆ ಗಿಡಗಳ ನಡುವೆ ಜಾಗ ಬಿಡಬೇಕು, ಹೂಮೊಗ್ಗು ಕಂಡಕೂಡಲೇ ಕುಡಿ ಮುರಿಯಬೇಕು, ಆಮೇಲೆ ಎಲೆಯ ಕಂಕುಳಲ್ಲಿ ಒಡೆಯುವ ಚಿಗುರನ್ನು ಒಂದೊಂದೇ ಗಿಡದ ಹತ್ತಿರ ಹೋಗಿ ತೆಗೆಯಬೇಕು. ನಮ್ಮ ಅತ್ತೆಯವರ ಬೆರಳು ತಂಬಾಕಿನ ಅಂಟಿನಿಂದ ಸದಾ ಕಪ್ಪಾಗಿರುತ್ತಿದ್ದವು. ಸೇವಂತಿ ಹಾಕಿದ ಮೊದಲ ವರ್ಷ ಆ ಬೆರಳುಗಳಿಗೆ ನಾನು ಹೊಸದಾಗಿ ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ಬಿಡಿ ಹೂವೋ, ದಂಟಿನ ಹೂವೋ?

ಅಂತರದ ಮಾತಿಗಿಂತ ಮೊದಲು ಹೂವು ಯಾರಿಗೆ ಅನ್ನುವುದು ಗೊತ್ತಿರಬೇಕು. ಮಾಲೆಗೆ, ಪೂಜೆಗೆ ಹೋಗುವ ಬಿಡಿ ಹೂವು ಕಿಲೋ ಲೆಕ್ಕದಲ್ಲಿ ಮಾರಾಟ. ದಸರೆಯ ಖಂಡೆಪೂಜೆ, ದೀಪಾವಳಿ, ಮಾರ್ಗಶಿರದ ಗುರುವಾರಗಳು, ಆಮೇಲೆ ಚಿಂಚಲಿ ಮಾಯಕ್ಕನ ಜಾತ್ರೆ ಎಂದು ನಮ್ಮ ಕಡೆ ಬೇಡಿಕೆ ಅಕ್ಟೋಬರಿನಿಂದ ಫೆಬ್ರುವರಿವರೆಗೆ ಎಳೆಯುತ್ತದೆ. ಮಾರಲು ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಕಾಗವಾಡದವರಿಗೆ ಪಕ್ಕದಲ್ಲೇ ಮಿರಜ.

ದಂಟಿನ ಹೂವು ಬೇರೆಯದೇ ವ್ಯಾಪಾರ. ಮದುವೆ ಮಂಟಪ, ಹೂಗುಚ್ಛ, ಹೂದಾನಿಗೆ ಹೋಗುವ ಇದನ್ನು ಉದ್ದ ದಂಟಿನೊಂದಿಗೆ ಕೊಯ್ದು, ಕಟ್ಟು ಕಟ್ಟಿ, ಕಟ್ಟಿನ ಲೆಕ್ಕದಲ್ಲಿ ಕೊಡಬೇಕು. ಕೊಳ್ಳುವವನು ತೂಗುವುದಿಲ್ಲ. ಒಂದು ದಂಟನ್ನು ಬುಡದಲ್ಲಿ ಹಿಡಿದು ಅಡ್ಡ ಚಾಚಿ ನೋಡುತ್ತಾನೆ. ತಲೆ ಜೋತುಬಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಹೂವು ಎಷ್ಟೇ ಚಂದವಿರಲಿ, ‘ದಂಟಿನ್ಯಾಗ ದಮ್ಮಿಲ್ರೀ ಅಕ್ಕಾರ’ ಎಂದು ಕಟ್ಟನ್ನು ಬದಿಗೆ ಸರಿಸುತ್ತಾನೆ. ಆ ದಮ್ಮು ಬರುವುದೂ ಹೋಗುವುದೂ ಅಂತರ ಮತ್ತು ಗೊಬ್ಬರದಿಂದಲೇ.

ಗಿಡ ಎಣಿಸಬೇಡಿ, ದಂಟು ಎಣಿಸಿ

ಬಿಡಿ ಹೂವಿಗೆ ಪುಸ್ತಕದಲ್ಲಿ ಹೇಳುವ ಅಂತರ 30 ಸೆಂ.ಮೀ.ಗೆ 30 ಸೆಂ.ಮೀ., ಅಂದರೆ ಎರಡೂ ಕಡೆ ಒಂದೊಂದು ಫೂಟು. ಗುಂಟೆಗೆ ಸುಮಾರು 1,100 ಸಸಿ, ಎಕರೆಗೆ 45,000. ಮಳೆ ಜೋರಾಗಿ ಹಿಡಿಯುವ ನಿಪ್ಪಾಣಿ ಕಡೆ ನಾನು ಸಾಲಿನಿಂದ ಸಾಲಿಗೆ 45 ಸೆಂ.ಮೀ. ಬಿಡುತ್ತೇನೆ. ಗುಂಟೆಗೆ 750 ಸಸಿ ಹಿಡಿಯುತ್ತವೆ. ಸಸಿ ಕಡಿಮೆಯಾದವು ಎಂದು ಹೂವು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಜಾಗ ಸಿಕ್ಕ ಗಿಡ ಕವಲೊಡೆದು ಹರಡುತ್ತದೆ. ಶ್ರಾವಣದ ಜಡಿ ಮಳೆಯಲ್ಲಿ ಎಲೆ ಒಣಗಲು ಗಾಳಿ ಆಡಬೇಕು. ಆಡದಿದ್ದರೆ ಬುಡದಿಂದ ಎಲೆಚುಕ್ಕೆ ಹತ್ತಿ ಮೇಲಕ್ಕೆ ಏರುತ್ತದೆ, ಗಿಡ ಕೆಳಗೆಲ್ಲ ಬೋಳಾಗುತ್ತದೆ.

ದಂಟಿನ ಹೂವಿಗೆ ಲೆಕ್ಕ ತಿರುಗಿಬಿಡುತ್ತದೆ. ಇಲ್ಲಿ ಗಿಡ ಹರಡಬಾರದು, ನೆಟ್ಟಗೆ ಏರಬೇಕು. ಅದಕ್ಕೇ ಒತ್ತಾಗಿಯೇ ನೆಡುತ್ತಾರೆ, ಆದರೆ ಅಳತೆ ಮಾಡಿ. ನೆಲದಿಂದ ಒಂದು ಫೂಟಿನಷ್ಟು ಎತ್ತರಿಸಿದ, ಮೀಟರ್ ಅಗಲದ ಬೆಡ್ಡು. ಅದರ ಮೇಲೆ 15 ಸೆಂ.ಮೀ. ಕಣ್ಣಿನ ನೈಲಾನ್ ಬಲೆ ಹಾಸಿ, ಒಂದೊಂದು ಕಣ್ಣಿಗೆ ಒಂದೊಂದು ಸಸಿ. ಚದರ ಮೀಟರಿಗೆ 44 ಸಸಿ ಬರುತ್ತವೆ. ಗಿಡ ಬೆಳೆದಂತೆ ಬಲೆಯನ್ನು ಮೇಲಕ್ಕೆ ಸರಿಸುತ್ತ ಹೋಗಬೇಕು. ದಂಟು ವಾಲದೆ ನೇರವಾಗಿ ಏರುವುದು ಈ ಬಲೆಯ ಆಸರೆಯಿಂದ. ಇದು ಕುಡಿ ಚಿವುಟದೆ, ಗಿಡಕ್ಕೆ ಒಂದೇ ದಂಟು ತೆಗೆಯುವವರ ಲೆಕ್ಕ.

ಸಸಿಯ ಖರ್ಚು ಉಳಿಸಬೇಕೆನ್ನುವವರು 20 ಸೆಂ.ಮೀ. ಅಂತರದಲ್ಲಿ ನೆಟ್ಟು ಕುಡಿ ಚಿವುಟಬಹುದು. ಚದರ ಮೀಟರಿಗೆ 25 ಸಸಿ, ಗಿಡಕ್ಕೆ ಎರಡು ದಂಟು ಉಳಿಸಿದರೆ 50 ದಂಟು. ಇಲ್ಲಿಯೇ ಕಬ್ಬಿನ ಆಸೆ ತಲೆ ಎತ್ತುವುದು. ಚಿವುಟಿದ ಮೇಲೆ ಮೂರು ನಾಲ್ಕು ಕವಲು ಬರುತ್ತವೆ, ‘ಇರಲಿ ಬಿಡ್ರಿ, ಹೂವು ಜಾಸ್ತಿ ಆಗ್ತಾವು’ ಎಂದು ಬಿಟ್ಟುಬಿಡುತ್ತಾರೆ. ಮೂರರಂತೆ ಬಿಟ್ಟರೆ ಚದರ ಮೀಟರಿನಲ್ಲಿ 75 ದಂಟು. ಚಿಂಚಲಿ ಜಾತ್ರೆಯಲ್ಲಿ ಪಲ್ಲಕ್ಕಿ ನೋಡಲು ಕತ್ತು ಚಾಚುವ ಜನರ ಹಾಗೆ ಅಷ್ಟೂ ದಂಟು ಬೆಳಕಿಗಾಗಿ ಮೇಲಕ್ಕೆ ಎಳೆದುಕೊಳ್ಳುತ್ತವೆ. ಉದ್ದ ಬರುತ್ತದೆ, ದಪ್ಪ ಬರುವುದಿಲ್ಲ. ಒಳಗಿನ ಎಲೆಗೆ ಬಿಸಿಲು ಬೀಳದೆ ಹಳದಿ ತಿರುಗುತ್ತದೆ. ಬೆಳೆಗಾರ ಅದನ್ನು ನೋಡಿ ಗೊಬ್ಬರ ಸಾಲದು ಎಂದು ಯೂರಿಯಾ ಹಾಕುತ್ತಾನೆ, ದಂಟು ಇನ್ನಷ್ಟು ಮೆತ್ತಗಾಗುತ್ತದೆ. ಜಾಗದ ಕೊರತೆಗೆ ಗೊಬ್ಬರದಲ್ಲಿ ಮದ್ದಿಲ್ಲ. ಮೂರನೆಯ ಕವಲನ್ನು ಎಳೆಯದಾಗಿದ್ದಾಗಲೇ ಮುರಿದು ಹಾಕಿದರೆ ಗೊಬ್ಬರದ ಆ ಖರ್ಚೂ ಉಳಿಯುತ್ತದೆ.

ಒಂದು ಗುಂಟೆ ಸುಮಾರು 100 ಚದರ ಮೀಟರು. ಓಡಾಡಲು ಅರ್ಧ ಮೀಟರಿನ ದಾರಿ ಬಿಟ್ಟರೆ ಬೆಡ್ಡಿಗೆ ಉಳಿಯುವುದು ಮೂರರಲ್ಲಿ ಎರಡು ಪಾಲು. ಅಷ್ಟರಲ್ಲೇ 15 ಸೆಂ.ಮೀ. ಲೆಕ್ಕಕ್ಕೆ ಸುಮಾರು 3,000 ಸಸಿ ಬೇಕು. ಕಬ್ಬಿನ ಎಕರೆಗಳಿಗೆ ಒಗ್ಗಿದವರಿಗೆ ಒಂದು ಗುಂಟೆ ಕಣ್ಣಿಗೇ ಬೀಳುವುದಿಲ್ಲ. ಆ 3,000 ದಂಟನ್ನು ಒಂದೊಂದಾಗಿ ಕೈಯಲ್ಲಿ ಹಿಡಿಯಬೇಕಾಗುತ್ತದೆ ಎಂದು ಗೊತ್ತಾದ ಮೇಲೆ ಅದೇ ಗುಂಟೆ ದೊಡ್ಡದಾಗುತ್ತದೆ.

ಮೊದಲ ಏಳು ವಾರದ ಊಟ

ಗೊಬ್ಬರದ ವಿಷಯದಲ್ಲಿ ಪ್ರಮಾಣಕ್ಕಿಂತ ಹೊತ್ತು ಮುಖ್ಯ. ಸೇವಂತಿಯ ಮೇಲೆ ಕೆಲಸ ಮಾಡಿದವರು ಬಹಳ ಹಿಂದೆಯೇ ಕಂಡುಕೊಂಡ ಸಂಗತಿ ಇದು: ಮೊದಲ ಏಳು ವಾರದಲ್ಲಿ ಸಾರಜನಕ ಕಡಿಮೆ ಬಿದ್ದರೆ ಆಮೇಲೆ ಎಷ್ಟು ಸುರಿದರೂ ಹೂವಿನ ಗುಣ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕಾರಣ ಸರಳ. ಎಲೆಗಳೂ ದಂಟಿನ ಗಣ್ಣುಗಳೂ ಹುಟ್ಟುವುದು ಮೊಗ್ಗು ಕೂಡುವ ಮೊದಲು. ತುದಿಯಲ್ಲಿ ಮೊಗ್ಗು ಕೂತಿತೆಂದರೆ ಆ ದಂಟಿಗೆ ಇನ್ನು ಹೊಸ ಎಲೆ ಇಲ್ಲ. ಇದ್ದ ಎಲೆಗಳೇ ಹೂವನ್ನು ಸಾಕಬೇಕು.

ಕರ್ನಾಟಕದಲ್ಲಿ ಸೇವಂತಿಗೆ ಸಾಮಾನ್ಯವಾಗಿ ಹೇಳುವುದು ಹೆಕ್ಟೇರಿಗೆ 20ರಿಂದ 25 ಟನ್ ಕೊಟ್ಟಿಗೆ ಗೊಬ್ಬರ, ಅದರ ಜೊತೆ ಸಾರಜನಕ, ರಂಜಕ, ಪೊಟ್ಯಾಷ್ 100:150:100 ಕಿಲೋ. ಹೆಕ್ಟೇರಿನಲ್ಲಿ ಹತ್ತಿರ ಹತ್ತಿರ 100 ಗುಂಟೆ ಇರುವುದರಿಂದ ಗುಂಟೆಯ ಲೆಕ್ಕ ಬಾಯಲ್ಲೇ ಆಗುತ್ತದೆ: ಸಾರಜನಕ ಒಂದು ಕಿಲೋ, ರಂಜಕ ಒಂದೂವರೆ, ಪೊಟ್ಯಾಷ್ ಒಂದು. ಅಂಗಡಿಯ ಚೀಲದ ಮಾತಿನಲ್ಲಿ ಹೇಳಬೇಕೆಂದರೆ ಗುಂಟೆಗೆ ಡಿಎಪಿ ಮೂರೂಕಾಲು ಕಿಲೋ, ಎಂಒಪಿ ಸುಮಾರು 1 ಕಿಲೋ 700 ಗ್ರಾಂ, ಯೂರಿಯಾ 900 ಗ್ರಾಂ. ಯೂರಿಯಾ ಅಷ್ಟೇನಾ ಎಂದು ಕೇಳಿದವರೇ ಹೆಚ್ಚು. ಡಿಎಪಿಯೊಳಗೆ ಅರ್ಧಕ್ಕಿಂತ ಹೆಚ್ಚು ಸಾರಜನಕ ಬಂದುಬಿಟ್ಟಿರುತ್ತದೆ. ಆದ್ದರಿಂದ ನಾಟಿಯ ದಿನ ಯೂರಿಯಾ ಬೇಡ. ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ, ಅದನ್ನು ಮೊದಲೇ ಬೇರಿನ ಹತ್ತಿರ ಸೇರಿಸಬೇಕು. ಸಾರಜನಕ ಮಳೆಯೊಂದಿಗೆ ಇಳಿದು ಹೋಗುತ್ತದೆ, ಅದನ್ನು ಕಂತಿನಲ್ಲಿ ಕೊಡಬೇಕು. ತಿಂಗಳಾದ ಮೇಲೆ, ಕುಡಿ ಚಿವುಟಿದ ಹೊತ್ತಿಗೆ ಯೂರಿಯಾ. ಜುಲೈ ಮಳೆ ಬಿಡದೆ ಹಿಡಿದರೆ ಅದನ್ನೂ ಎರಡು ಪಾಲು ಮಾಡುತ್ತೇನೆ.

ಡ್ರಿಪ್ ಇದ್ದು ದಂಟಿನ ಹೂವು ಬೆಳೆಯುವವರು ಕೊಟ್ಟಿಗೆ ಗೊಬ್ಬರವನ್ನೂ ರಂಜಕವನ್ನೂ ಬೆಡ್ಡಿಗೆ ಸೇರಿಸಿ, ಸಾರಜನಕ ಮತ್ತು ಪೊಟ್ಯಾಷನ್ನು ನೀರಿನಲ್ಲಿ ತುಸುತುಸುವೇ ಬಿಡುವುದು ಒಳ್ಳೆಯದು. ನೀರಿನಲ್ಲಿ ಕರಗುವ 19:19:19 ಲೀಟರಿಗೆ ಒಂದು ಗ್ರಾಂ ಹಾಕಿದರೆ ಸಾರಜನಕ 190 ಪಿಪಿಎಂ ಆಗುತ್ತದೆ, ಎಳೆ ಗಿಡಕ್ಕೆ ಹದವಾದ ಪ್ರಮಾಣ. ಮೊಗ್ಗು ಕಾಣಿಸಿದ ಮೇಲೆ 13:0:45ಕ್ಕೆ ಬದಲಾಗಬಹುದು. ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಟ್ಯಾಂಕಿನಲ್ಲಿ ಕಲಸಬಾರದು. ಸುಣ್ಣದಂಥ ಗಸಿ ಕೂತು ಡ್ರಿಪ್ಪಿನ ತೂತು ಕಟ್ಟುತ್ತದೆ.

ಮೊಗ್ಗಿಗೆ ಬಣ್ಣ ಬಂತೆಂದರೆ ಗೊಬ್ಬರ ಬಂದ್. ಆ ಹೊತ್ತಿನಲ್ಲಿ ಕೊಟ್ಟ ಸಾರಜನಕ ಎಲೆಯನ್ನು ಮೆದು ಮಾಡುತ್ತದೆ, ಹೇನನ್ನು ಕರೆಯುತ್ತದೆ, ಕೊಯ್ದ ಹೂವು ಹೂದಾನಿಯಲ್ಲಿ ಬಾಳುವ ದಿನಗಳನ್ನು ತಗ್ಗಿಸುತ್ತದೆ. ಹಬ್ಬ ಹತ್ತಿರ ಬಂದಿದೆ, ಹೂವು ದಪ್ಪ ಆಗಲಿ ಎಂದು ಕಡೆಯ ವಾರದಲ್ಲಿ ಒಂದು ಮುಷ್ಟಿ ಯೂರಿಯಾ ಎಸೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಬ್ಬಾದರೆ ತಡೆದುಕೊಳ್ಳುತ್ತದೆ, ಹೂವು ತಡೆದುಕೊಳ್ಳುವುದಿಲ್ಲ.

ಸಕ್ಕರೆ ಕಾರ್ಖಾನೆಗಳ ಸೀಮೆಯಾದ್ದರಿಂದ ಕಬ್ಬಿನ ರಸ ಸೋಸಿ ಉಳಿದ ಗಸಿ, ಅಂದರೆ ಪ್ರೆಸ್‌ಮಡ್, ನಮಗೆ ಸುಲಭವಾಗಿ ಸಿಗುತ್ತದೆ. ಒಳ್ಳೆಯ ಗೊಬ್ಬರ, ಆದರೆ ಹಸಿಯಾಗಿ ಹಾಕಬಾರದು. ಗುಡ್ಡೆಯೊಳಗೆ ಕೈ ಹಾಕಿದರೆ ಸುಡುವಷ್ಟು ಕಾವಿರುತ್ತದೆ, ಎಳೆ ಬೇರು ಬೆಂದುಹೋಗುತ್ತದೆ. ಸಗಣಿಯೊಂದಿಗೆ ಕಲಸಿ, ತಿರುವಿ ಹಾಕಿ, ಪೂರ್ತಿ ತಣಿದು ಮಣ್ಣಿನ ವಾಸನೆ ಬಂದ ಮೇಲೆ ಬೆಡ್ಡಿಗೆ ಸೇರಿಸಬೇಕು.

ಐದು ತಾಲೂಕು, ಬೇರೆ ಬೇರೆ ಮಣ್ಣು

ನನ್ನ ತವರು ಅಥಣಿ ತಾಲೂಕು, ನಾದಿನಿಯನ್ನು ಕೊಟ್ಟಿದ್ದು ರಾಯಬಾಗ ತಾಲೂಕಿಗೆ. ಹೀಗಾಗಿ ಹಬ್ಬಕ್ಕೆ ಹೋದಲ್ಲೆಲ್ಲ ಹೂವಿನ ಹೊಲ ನೋಡುವುದಾಗುತ್ತದೆ. ನಿಪ್ಪಾಣಿ ಮತ್ತು ಚಿಕ್ಕೋಡಿಯ ಪಡುವಣ ಭಾಗ ಘಟ್ಟಕ್ಕೆ ಹತ್ತಿರ. ಇಲ್ಲಿ ಮಳೆಯೇ ಶತ್ರು. ಅಂತರ ಹೆಚ್ಚಿಸಿ, ಬೋದು ಎತ್ತರಿಸಿ, ನೀರು ನಿಲ್ಲದಂತೆ ನೋಡಿದರೆ ಅರ್ಧ ಗೆದ್ದಂತೆ. ದೂಧಗಂಗಾ, ವೇದಗಂಗಾ ಉಕ್ಕಿದ 2019ರ ಆಗಸ್ಟಿನಂಥ ಮಹಾಪೂರದಲ್ಲಿ ನೀರಲ್ಲಿ ನಿಂತ ಕಬ್ಬು ಅಷ್ಟಿಷ್ಟು ಉಳಿದೀತು, ಸೇವಂತಿ ಬೇರಿಗೆ ನೀರು ನಿಂತರೆ ಎರಡು ಮೂರು ದಿನದಲ್ಲೇ ಬಾಡುತ್ತದೆ. ನದಿ ದಂಡೆಯ ಹೊಲದಲ್ಲಿ ಮಳೆಗಾಲದ ಸೇವಂತಿ ಬೇಡವೇ ಬೇಡ.

ರಾಯಬಾಗ, ಕಾಗವಾಡ, ಅಥಣಿಯ ಕೃಷ್ಣಾ ದಂಡೆಯಲ್ಲಿ ಬೇರೆ ತೊಂದರೆ. ವರ್ಷಗಟ್ಟಲೆ ಕಬ್ಬಿಗೆ ನೀರು ಬಿಟ್ಟು ಬಿಟ್ಟು ಎಷ್ಟೋ ಕರಿಮಣ್ಣಿನ ಹೊಲ ಸವಳು-ಜವಳಾಗಿವೆ. ಒಮ್ಮೆ ಅಥಣಿಯ ಅಣ್ಣ ಫೋನು ಮಾಡಿದ: ‘ತಂಗೆವ್ವಾ, ಎಲಿ ಅಂಚ ಸುಟ್ಟಾವು. ಇನ್ನೊಂದೀಟು ಪೊಟ್ಯಾಷ್ ಹಾಕಲೇನು?’ ನಾನೆಂದೆ, ‘ಬ್ಯಾಡಣ್ಣಾ, ಮೊದಲ ಮಣ್ಣು, ನೀರು ಎರಡೂ ಟೆಸ್ಟ್ ಮಾಡ್ಸು.’ ಅಂಚು ಸುಡುವುದು ಪೊಟ್ಯಾಷ್ ಕೊರತೆಯಿಂದಲೂ ಆಗುತ್ತದೆ, ಉಪ್ಪು ಹೆಚ್ಚಾದರೂ ಆಗುತ್ತದೆ. ಉಪ್ಪಿನ ಮಣ್ಣಿಗೆ ಎಂಒಪಿ ಹಾಕಿದರೆ ಅದರ ಕ್ಲೋರೈಡ್ ಇನ್ನಷ್ಟು ಹೊರೆ. ಅಂಥಲ್ಲಿ ಸಲ್ಫೇಟ್ ರೂಪದ ಪೊಟ್ಯಾಷ್ ವಾಸಿ.

ಎಲೆ ಓದಲು ಕಲಿಯುವುದು ಕಷ್ಟವೇನಲ್ಲ. ಬುಡದ ಎಲೆ ಇಡಿಯಾಗಿ ಬಿಳಚಿದರೆ ಸಾರಜನಕದ ಹಸಿವು. ಬುಡದ ಎಲೆಯ ಅಂಚು ಮಾತ್ರ ಹಳದಿಯಾಗಿ ಸುಟ್ಟರೆ ಪೊಟ್ಯಾಷ್ ಅಥವಾ ಉಪ್ಪು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಸುಣ್ಣದ ಹರಳಿರುವ ಅಥಣಿಯ ಕರಿಮಣ್ಣಿನಲ್ಲಿ ಇದನ್ನು ಕಾಣಬಹುದು. ಅದಕ್ಕೆ ಯೂರಿಯಾ ಹಾಕಿ ಉಪಯೋಗವಿಲ್ಲ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ ಕರಗಿಸಿ ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ಅನುಮಾನವಿದ್ದರೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಘಟಪ್ರಭಾದ ಹತ್ತಿರ ಅರಭಾವಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಇದೆ. ಬಾಡಿದ ಗಿಡವನ್ನು ಬೇರು ಸಮೇತ ಒಯ್ದು ತೋರಿಸಿದರೆ ಅಂಗಡಿಯವನ ಊಹೆಗಿಂತ ಒಳ್ಳೆಯ ಉತ್ತರ ಸಿಗುತ್ತದೆ.

ತಂಬಾಕು ಹೇಳಿಕೊಟ್ಟ ರಾತ್ರಿಯ ಲೆಕ್ಕ

ಸೇವಂತಿ ಯಾವಾಗ ಮೊಗ್ಗು ಕಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ರಾತ್ರಿಯ ಉದ್ದ. ರಾತ್ರಿ ಉದ್ದವಾಗುತ್ತ ಬಂದಂತೆ ಅದು ಬೆಳೆಯುವುದನ್ನು ಬಿಟ್ಟು ಹೂವಿಗೆ ತಿರುಗುತ್ತದೆ. ಈ ಗುಟ್ಟು ಜಗತ್ತಿಗೆ ಗೊತ್ತಾದದ್ದೂ ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕಿನ ತಳಿ ಬೇಸಿಗೆಯಲ್ಲಿ ಹೂಬಿಡದೆ ಆಳೆತ್ತರ ಏರುವುದನ್ನೂ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹೂಬಿಡುವುದನ್ನೂ ಗಮನಿಸಿದರು. ಹಗಲು ರಾತ್ರಿಯ ಉದ್ದವೇ ಇದಕ್ಕೆ ಕಾರಣ ಎಂದು 1920ರಲ್ಲಿ ಪ್ರಕಟಿಸಿದರು.

ನಮ್ಮಲ್ಲಿ ಜೂನಿನ ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಮೇಲೆ, ಡಿಸೆಂಬರಿನಲ್ಲಿ 11 ಗಂಟೆ. ಜೂನ್-ಜುಲೈನಲ್ಲಿ ನೆಟ್ಟ ಬಿಡಿ ಹೂವಿನ ಸಸಿಗೆ ಹೂವಿಗೆ ಮುಂಚೆ ಮೈತುಂಬಿಕೊಳ್ಳಲು ಸಮಯ ಸಿಗುತ್ತದೆ. ತಡಮಾಡಿ ಸೆಪ್ಟೆಂಬರಿನಲ್ಲಿ ನೆಟ್ಟರೆ ಗೇಣುದ್ದದ ಗಿಡವೇ ಮೊಗ್ಗು ಹೊರುತ್ತದೆ, ಯಾವ ಗೊಬ್ಬರವೂ ಅದನ್ನು ಎತ್ತರಿಸದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ನಡುರಾತ್ರಿ ಕೆಲವು ತಾಸು ಬೆಳಕು ಬಿದ್ದರೆ ಗಿಡಕ್ಕೆ ಉದ್ದ ರಾತ್ರಿ ಸಿಗದೆ ಬೆಳೆಯುತ್ತಲೇ ಇರುತ್ತದೆ. ಬೇಕಾದಷ್ಟು ದಂಟು ಬಂದ ಮೇಲೆ ದೀಪ ಆರಿಸಿದರೆ ಬಹಳಷ್ಟು ತಳಿಗಳಲ್ಲಿ ಎಂಟರಿಂದ ಹತ್ತು ವಾರಕ್ಕೆ ಹೂವು.

ಹೆಬ್ಬೆರಳಿನ ಕೆಲಸ

ನಾಟಿಯಾಗಿ ನಾಲ್ಕು ವಾರಕ್ಕೆ ಕುಡಿ ಚಿವುಟುವುದು. ಹೆಬ್ಬೆರಳಿನ ಉಗುರು ಮತ್ತು ತೋರುಬೆರಳ ನಡುವೆ ತುದಿಯನ್ನು ಹಿಡಿದು ಪಕ್ಕಕ್ಕೆ ಬಾಗಿಸಿದರೆ ಎಳೆಯದಾದರೆ ‘ಚಟ್’ ಎಂದು ಮುರಿಯುತ್ತದೆ. ನಾರೆಳೆ ಕಿತ್ತು ಬಂದರೆ ತಡವಾಗಿದೆ ಎಂದೇ ಅರ್ಥ. ಮೊಗ್ಗು ಬಂದ ಮೇಲೆ ಎರಡನೆಯ ಸುತ್ತು. ಒಂದು ದಂಟಿಗೆ ಒಂದೇ ದೊಡ್ಡ ಹೂವು ಬೇಕಿದ್ದರೆ ತುದಿಮೊಗ್ಗು ಉಳಿಸಿ ಪಕ್ಕದವನ್ನೆಲ್ಲ ತೆಗೆಯಬೇಕು. ಗೊಂಚಲು ಹೂವಾದರೆ ಇದರ ಉಲ್ಟಾ: ನಡುವಿನ ತುದಿಮೊಗ್ಗನ್ನೇ ತೆಗೆದರೆ ಸುತ್ತಲಿನವು ಒಟ್ಟಿಗೆ ಅರಳುತ್ತವೆ. ಪಕ್ಕದ ಮೊಗ್ಗು ಜೋಳದ ಕಾಳಿನಷ್ಟಿದ್ದಾಗಲೇ ತೆಗೆದುಬಿಡಬೇಕು. ದಪ್ಪಗಾಗುವವರೆಗೆ ಕಾದರೆ ಅದು ತಿಂದ ಗೊಬ್ಬರವೂ ನಷ್ಟ, ದಂಟಿಗೆ ಗಾಯವೂ ಆಗುತ್ತದೆ.

ದೊಡ್ಡ ಹೂವನ್ನು ಹೊರಗಿನ ಎಸಳು ಪೂರ್ತಿ ಬಿಚ್ಚಿ, ನಡುವು ಇನ್ನೂ ಬಿಗಿಯಾಗಿದ್ದಾಗ ಕೊಯ್ಯಬೇಕು. ಗೊಂಚಲಿನಲ್ಲಾದರೆ ಎರಡು ಮೂರು ಹೂವು ಅರಳಿ ಉಳಿದವು ಬಣ್ಣ ತೋರುತ್ತಿರುವಾಗ. ನೆಲದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ. ಅದಕ್ಕೂ ಕೆಳಗಿನ ಭಾಗ ಕಟ್ಟಿಗೆಯಾಗಿರುತ್ತದೆ, ನೀರು ಎಳೆಯುವುದಿಲ್ಲ. ಕೆಳಗಿನ ಮೂರನೇ ಒಂದು ಪಾಲು ಎಲೆ ಸವರಿ ತಕ್ಷಣ ಬಕೆಟ್ ನೀರಿನಲ್ಲಿ ನಿಲ್ಲಿಸಿ.

ಹೊಸದಾಗಿ ಶುರು ಮಾಡುವವರಿಗೆ ಒಂದೇ ಮಾತು: ಸಸಿಗಿಂತ ಮೊದಲು ಬಲೆ ಕೊಳ್ಳಿ. ಬೆಡ್ಡು ಎತ್ತಿ, ಬಲೆ ಹಾಸಿ, ಕಣ್ಣು ಎಣಿಸಿ, ಅಷ್ಟೇ ಸಸಿಗೆ ಹೇಳಿ. ನಾಟಿಯಲ್ಲಿ ಸತ್ತದ್ದರ ಜಾಗಕ್ಕೆ ನೂರಕ್ಕೆ ಐದರಂತೆ ಹೆಚ್ಚು ತಂದರೆ ಸಾಕು. ನರ್ಸರಿಯವರು ಅಗ್ಗಕ್ಕೆ ಇನ್ನೊಂದು ಸಾವಿರ ಕೊಡುತ್ತೇನೆಂದರೆ ತರಬೇಡಿ. ತಂದ ಸಸಿಯನ್ನು ಎಸೆಯಲು ಮನಸ್ಸು ಬರುವುದಿಲ್ಲ, ಒಂದೊಂದು ಕಣ್ಣಿಗೆ ಎರಡೆರಡು ತುರುಕುತ್ತೀರಿ, ನಾಲ್ಕು ತಿಂಗಳಾದ ಮೇಲೆ ಮಿರಜದ ವ್ಯಾಪಾರಿ ನಿಮ್ಮ ದಂಟನ್ನು ಅಡ್ಡ ಚಾಚಿ ನೋಡುತ್ತಾನೆ.